ನೀರಿನ ಹರಿವು ದುಪ್ಪಟ್ಟಾದರೆ ಶಾಖವೂ ದುಪ್ಪಟ್ಟಾ?

ಲ್ಯಾಬ್‌ನಲ್ಲಿ ಹೀಟ್ ಎಕ್ಸ್‌ಚೇಂಜರ್‌ನ (ಬಿಸಿ ದ್ರವ ಅಥವಾ ಹಬೆಯಿಂದ ತಣ್ಣನೆಯದಕ್ಕೆ ಗೋಡೆಯ ಮೂಲಕ ಶಾಖ ದಾಟಿಸುವ ಸಾಧನ) ನೀರಿನ ವಾಲ್ವ್ ಜಾಸ್ತಿ ತೆರೆದರೆ ಹೊರಬರುವ ನೀರಿನ ತಾಪಮಾನ ಇಳಿಯುತ್ತದೆ. ಅದನ್ನು ನೋಡಿ ‘ಶಾಖ ವರ್ಗಾವಣೆ ಕಡಿಮೆಯಾಯಿತು’ ಅಂತ ಬರೆದರೆ ಮಾರ್ಕ್ಸ್ ಹೋಯಿತು ಅಂತಲೇ ಲೆಕ್ಕ. ನೀರು ಹೀರಿದ ಶಾಖ ಅಂದರೆ ಹರಿವು × ವಿಶಿಷ್ಟ ಶಾಖ (ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾದ ಶಾಖ, ನೀರಿಗೆ 4.18 ಕಿಲೋಜೂಲ್) × ತಾಪಮಾನದ ಏರಿಕೆ. ಏರಿಕೆ ಇಳಿದರೂ ಹರಿವು ಏರಿದೆ, ಅಲ್ವಾ?

ಒಂದು ಲೆಕ್ಕ ಮಾಡೋಣ. ಕೊಳವೆಯ ಹೊರಗೆ 100 ಡಿಗ್ರಿ ಸೆಲ್ಸಿಯಸ್‌ನ ಹಬೆ ತಣಿದು ನೀರಾಗುತ್ತಿದೆ. ಒಳಗೆ ಸೆಕೆಂಡಿಗೆ 0.1 ಕೆಜಿ ನೀರು 25 ಡಿಗ್ರಿಯಲ್ಲಿ ಹೋಗಿ 55ರಲ್ಲಿ ಹೊರಬರುತ್ತದೆ. ಶಾಖ 0.1 × 4.18 × 30, ಅಂದರೆ ಸುಮಾರು 12.5 ಕಿಲೋವ್ಯಾಟ್.

ಈಗ ಹರಿವನ್ನು 0.2 ಮಾಡಿ. ಪ್ರಕ್ಷುಬ್ಧ ಹರಿವಿನಲ್ಲಿ (ನೀರು ಸುಳಿಸುಳಿಯಾಗಿ ಕಲಸಿಕೊಂಡು ಹರಿಯುವಾಗ) ವೇಗ ಏರಿದಷ್ಟೂ ಗೋಡೆಗೆ ಅಂಟಿದ ನೀರಿನ ಪದರ ತೆಳುವಾಗುತ್ತದೆ. ಡಿಟ್ಟಸ್-ಬೋಲ್ಟರ್ ಸೂತ್ರದ ಪ್ರಕಾರ ನೀರಿನ ಬದಿಯ ಶಾಖ ವರ್ಗಾವಣಾ ಗುಣಾಂಕ (ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಳತೆ) ವೇಗದ 0.8ನೇ ಘಾತಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಅದು 1.74ರಷ್ಟು. ಹಬೆಯ ಕಡೆ ಶಾಖಕ್ಕೆ ಇರುವ ಅಡ್ಡಿ ತೀರಾ ಕಡಿಮೆ ಅಂತ ಹಿಡಿದರೆ ಒಟ್ಟು ಗುಣಾಂಕವೂ ಅಷ್ಟೇ ಏರುತ್ತದೆ. ಎನ್‌ಟಿಯು ವಿಧಾನದಲ್ಲಿ (ಒಟ್ಟು ಗುಣಾಂಕ, ಗೋಡೆಯ ವಿಸ್ತೀರ್ಣ, ಹರಿವು ಇವುಗಳಿಂದ ಹೊರಬರುವ ತಾಪಮಾನ ಲೆಕ್ಕಹಾಕುವ ರೀತಿ) ಹಾಕಿ ನೋಡಿ: ನೀರು ಸುಮಾರು 52 ಡಿಗ್ರಿಯಲ್ಲಿ ಹೊರಬರುತ್ತದೆ, ಶಾಖ 22.5 ಕಿಲೋವ್ಯಾಟ್. ದುಪ್ಪಟ್ಟಲ್ಲ, ಆದರೂ 80 ಶೇಕಡಾ ಜಾಸ್ತಿ. ದಕ್ಷತೆ (ನೀರು ಗರಿಷ್ಠ ಏರಬಹುದಾದ 75 ಡಿಗ್ರಿಯಲ್ಲಿ ನಿಜಕ್ಕೂ ಏರಿದ ಪಾಲು) ಮಾತ್ರ 0.40ರಿಂದ 0.36ಕ್ಕೆ ಇಳಿಯಿತು. ವೈವಾದಲ್ಲಿ ಸಿಕ್ಕಿಹಾಕಿಸುವುದು ಇಲ್ಲೇ! ದಕ್ಷತೆ ಇಳಿಯುವುದೂ ಶಾಖ ಏರುವುದೂ ಒಟ್ಟಿಗೇ ಆಗಬಹುದು.

ಆದರೆ ಅಡ್ಡಿ ಬೇರೆ ಕಡೆ ಇದ್ದರೆ? ಬೋರ್‌ವೆಲ್ ನೀರಿನ ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅಂಥ ಬಿಳಿ ಪದರ ಕೊಳವೆಯೊಳಗೆ ದಪ್ಪಗೆ ಕೂತಿದೆ ಅನ್ನಿ. ಆಗ ಅಡ್ಡಿಯೆಲ್ಲ ಆ ಪದರದ್ದೇ, ವೇಗ ಏರಿಸಿದರೂ ಒಟ್ಟು ಗುಣಾಂಕ ಅಲುಗುವುದಿಲ್ಲ. ಅದೇ 12.5ರಿಂದ ಶುರು ಮಾಡಿದರೂ ಹರಿವು ದುಪ್ಪಟ್ಟಾದಾಗ ಸಿಗುವುದು ಸುಮಾರು 14 ಕಿಲೋವ್ಯಾಟ್, ನೀರು 42 ಡಿಗ್ರಿ. ಆಯಿಲ್ ಕೂಲರ್‌ನಲ್ಲೂ ಇದೇ ಕಥೆ: ದಪ್ಪ ಎಣ್ಣೆಯ ಕಡೆಯೇ ಅಡ್ಡಿ ಜಾಸ್ತಿ, ನೀರು ಸುಮ್ನೆ ಹರಿದುಹೋಗುತ್ತದೆ. ಹಾಗಾಗಿ ಮೊದಲು ಅಡ್ಡಿ ಯಾವ ಕಡೆಯದ್ದು ಅಂತ ಹುಡುಕಿ, ಆಮೇಲೆ ವಾಲ್ವ್ ಮುಟ್ಟಿ.

0.8ರ ನಿಯಮವನ್ನು ಎಲ್ಲೆಡೆ ಹಾಕಬೇಡಿ. ಹರಿವು ಎಷ್ಟು ಪ್ರಕ್ಷುಬ್ಧ ಅಂತ ಹೇಳುವ ರೆನಾಲ್ಡ್ಸ್ ಸಂಖ್ಯೆ 10,000 ದಾಟಿರಬೇಕು.

ಪಂಪಿನ ಖರ್ಚೂ ಇದೆ. ನುಣುಪಾದ ಕೊಳವೆಯಲ್ಲಿ ವೇಗ ದುಪ್ಪಟ್ಟಾದರೆ ಒತ್ತಡದ ನಷ್ಟ ಸುಮಾರು 3.4ರಷ್ಟು, ಪಂಪಿಗೆ ಬೇಕಾದ ಶಕ್ತಿ 6.7ರಷ್ಟಾಗುತ್ತದೆ. ಮೇಲಿನ ಎರಡನೇ ಉದಾಹರಣೆಯಲ್ಲಿ ಇಷ್ಟೆಲ್ಲ ತೆತ್ತು ಸಿಕ್ಕಿದ್ದು ಒಂದೂವರೆ ಕಿಲೋವ್ಯಾಟ್. ಅಲ್ಲಿ ವಾಲ್ವ್ ತಿರುಗಿಸುವುದಕ್ಕಿಂತ ಕೊಳವೆ ಉಜ್ಜಿ ತೊಳೆಯುವುದೇ ಲಾಭ.