ಜೋಳದ ರೊಟ್ಟಿಯಿಂದ ಶುಗರ್‌ವರೆಗೆ: ಲ್ಯೂಸಿನ್‌ನ ಕತೆ

ಕಲಬುರಗಿಯ ಜಿಮ್ ಹುಡುಗರು ಕೊಳ್ಳುವ ಪ್ರೋಟೀನ್ ಪುಡಿಯ ಡಬ್ಬಿ ಮೇಲೆ ಲ್ಯೂಸಿನ್ ಅನ್ನುವ ಹೆಸರು ಇರುತ್ತದೆ. ಅದೊಂದು ಅಮೈನೊ ಆಮ್ಲ. ಎಲ್ಲ ಪ್ರೋಟೀನ್ ಕಟ್ಟಿಕೊಂಡಿರುವುದೇ ಇಂಥ ಆಮ್ಲಗಳಿಂದ. ಹೆಸರು ಹೊಸದು ಅನ್ನಿಸಬಹುದು, ಆದರೆ ನಮ್ಮ ಜೋಳದಲ್ಲಿ ಅದು ಮೊದಲಿಂದಲೂ ಜಾಸ್ತಿ. ಅದರ ಮೇಲೆ ಅನುಮಾನ ಹುಟ್ಟಿದ್ದೂ ಜೋಳ ಉಣ್ಣುವ ದಖ್ಖನ್ ಸೀಮೆಯಲ್ಲೇ.

ಬರೀ ಜೋಳದ ಮೇಲೆ ಬದುಕುತ್ತಿದ್ದ ಬಡವರಿಗೆ ಹಿಂದೆ ಪೆಲಾಗ್ರ ಎಂಬ ರೋಗ ಬರುತ್ತಿತ್ತು. ಬಿಸಿಲು ತಾಗುವ ಕಡೆ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಮನಸ್ಸೂ ಕೆಡುತ್ತದೆ. ನಯಾಸಿನ್ ಎಂಬ ವಿಟಮಿನ್ ಸಾಲದಾದಾಗ ಬರುವ ರೋಗ ಇದು. ಟ್ರಿಪ್ಟೊಫಾನ್ ಎಂಬ ಇನ್ನೊಂದು ಅಮೈನೊ ಆಮ್ಲದಿಂದ ದೇಹ ನಯಾಸಿನ್ ಮಾಡಿಕೊಳ್ಳುತ್ತದೆ. ಮೆಕ್ಕೆಜೋಳದಲ್ಲಿ ಟ್ರಿಪ್ಟೊಫಾನ್ ಕಡಿಮೆ, ಜೋಳದಲ್ಲಿ ಅಷ್ಟೇನೂ ಕಡಿಮೆ ಇಲ್ಲ. ಹಾಗಾದರೆ ರೋಗ ಯಾಕೆ? ಹೈದರಾಬಾದ್‌ನ ಆಹಾರ ವಿಜ್ಞಾನಿ ಡಾ. ಸಿ. ಗೋಪಾಲನ್ ಮತ್ತು ಜೊತೆಗಾರರು 1960ರಲ್ಲಿ ಲ್ಯೂಸಿನ್ ಕಡೆ ಬೊಟ್ಟು ಮಾಡಿದರು: ಅದು ಹೆಚ್ಚಾದರೆ ನಯಾಸಿನ್ ಲೆಕ್ಕ ತಪ್ಪುತ್ತದೆ ಎಂದರು. ಮುಂದೆ ಎಲ್ಲರ ಪ್ರಯೋಗದಲ್ಲೂ ಅದೇ ಫಲ ಸಿಗಲಿಲ್ಲ. ಆದರೂ ಒಂದು ಅಮೈನೊ ಆಮ್ಲ ಅತಿಯಾದರೆ ಏನಾಗುತ್ತದೆ ಅನ್ನುವ ಪ್ರಶ್ನೆ ನಮ್ಮ ತಟ್ಟೆಯಿಂದಲೇ ಎದ್ದಿತು ಅನ್ನುವುದು ನನಗೆ ದೊಡ್ಡ ಮಾತು.

ಶುಗರ್ ಜೊತೆ ನಂಟು ಕಂಡದ್ದು ಅಮೆರಿಕದಲ್ಲಿ. ದಪ್ಪಗಿರುವವರ ರಕ್ತದಲ್ಲಿ ಲ್ಯೂಸಿನ್, ಅದರ ಜಾತಿಯವೇ ಆದ ಐಸೊಲ್ಯೂಸಿನ್, ವ್ಯಾಲಿನ್ ಹೆಚ್ಚಿರುತ್ತವೆ ಎಂದು 1969ರಲ್ಲಿ ಫೆಲಿಗ್, ಮಾರ್ಲಿಸ್, ಕಾಹಿಲ್ ಎಂಬ ಸಂಶೋಧಕರು ತೋರಿಸಿದರು. ನಂತರ ಬಹಳ ವರ್ಷ ಅದನ್ನು ಹೆಚ್ಚು ಜನ ಕೆದಕಲಿಲ್ಲ. 2009ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ನ್ಯೂಗಾರ್ಡ್ ತಂಡ ಇಲಿಗಳಿಗೆ ಕೊಬ್ಬಿನ ಜೊತೆ ಈ ಮೂರನ್ನೂ ತಿನ್ನಿಸಿತು. ಅವು ಕಡಿಮೆ ತಿಂದರೂ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಮಾತು ಕೇಳದಂತಾದವು. ಕೊಬ್ಬು ಹೆಚ್ಚಿಲ್ಲದ ಮಾಮೂಲಿ ಆಹಾರದ ಜೊತೆ ಕೊಟ್ಟಾಗ ಹಾಗಾಗಲಿಲ್ಲ. 2011ರಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಈ ಮೂರರ ಜೊತೆ ಟೈರೊಸಿನ್, ಫಿನೈಲ್‌ಅಲನಿನ್ ಎಂಬ ಇನ್ನೆರಡು ಅಮೈನೊ ಆಮ್ಲ ರಕ್ತದಲ್ಲಿ ಹೆಚ್ಚಿದ್ದವರಿಗೆ, ಶುಗರ್ ಬರುವ ಅಪಾಯ 12 ವರ್ಷ ಮೊದಲೇ ಕಾಣಿಸುತ್ತಿತ್ತು.

ಅಂದರೆ ಈ ಆಮ್ಲಗಳಿರುವ ಬೇಳೆ ತಿಂದರೆ ಶುಗರ್ ಬರುತ್ತದೆ ಅಂತಲ್ಲ. ಇನ್ಸುಲಿನ್ ಸರಿಯಾಗಿ ನಾಟದ ದೇಹ ಈ ಆಮ್ಲಗಳನ್ನು ನೆಟ್ಟಗೆ ಉರಿಸುವುದಿಲ್ಲ, ಅದಕ್ಕೇ ಅವು ರಕ್ತದಲ್ಲಿ ಉಳಿಯುತ್ತವೆ. ಉಂಡದ್ದಷ್ಟೇ ಕಾರಣ ಅಲ್ಲ.

ಶುಗರ್ ಬಂತೆಂದು ಹೆದರಿ ಬೇಳೆ ಬಿಟ್ಟು, ಸುಮ್ನೆ ರೊಟ್ಟಿ-ಚಟ್ನಿ ಉಣ್ಣುವ ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜೋಳದಲ್ಲಿ ಲೈಸಿನ್ ಎಂಬ ಬೇರೊಂದು ಅಮೈನೊ ಆಮ್ಲ ಕಡಿಮೆ. ನಮ್ಮ ತೊಗರಿಯಲ್ಲಿ ಅದು ಧಾರಾಳ. ಪುಂಡಿಪಲ್ಲೆಗೆ ಒಂದು ಹಿಡಿ ಬೇಳೆ ಬಿದ್ದರೆ ರೊಟ್ಟಿಯ ಕೊರತೆ ತುಂಬುತ್ತದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಎಷ್ಟು ಬೇಳೆ ಎಂದು ಡಾಕ್ಟರನ್ನು ಕೇಳಿಯೇ ಉಣ್ಣಬೇಕು.