ಪದ ಪರಿಚಯ: ಖಾಲಿ ಆಯ್ಕೆ

ವೈದ್ಯಕೀಯ ಸಂಶೋಧನೆಗೆ ಜನರನ್ನು ಸೇರಿಸಿಕೊಳ್ಳುವ ಮೊದಲು ಅವರ ಕೈಗೆ ಒಂದು ಒಪ್ಪಿಗೆ ಪತ್ರ ಕೊಡುತ್ತಾರೆ. ದೇಶ ಯಾವುದೇ ಇರಲಿ, ಆ ಪತ್ರದಲ್ಲಿ ಹೆಚ್ಚುಕಡಿಮೆ ಇಂಥದ್ದೊಂದು ಸಾಲು ಇರುತ್ತದೆ: 'ನೀವು ಸೇರದಿದ್ದರೂ ಈಗ ನಿಮಗೆ ಸಿಗುತ್ತಿರುವ ಚಿಕಿತ್ಸೆಗೆ ಏನೂ ತೊಂದರೆಯಾಗುವುದಿಲ್ಲ.' ಓದಿದರೆ ಸಮಾಧಾನವಾಗುತ್ತದೆ. ಬೇಡ ಅನ್ನುವ ಹಕ್ಕು ಇದೆ, ಬೇಡ ಅಂದರೆ ಯಾರೂ ಸಿಟ್ಟಾಗುವುದಿಲ್ಲ ಅಂತ ಧೈರ್ಯ ಬರುತ್ತದೆ. ಬರೆದವರ ಉದ್ದೇಶವೂ ಒಳ್ಳೆಯದೇ.

ಆದರೆ ಈಗ ಸಿಗುತ್ತಿರುವ ಚಿಕಿತ್ಸೆ ಅಂತ ಏನೂ ಇಲ್ಲದವರು ಈ ಸಾಲನ್ನು ಹೇಗೆ ಓದಿಕೊಳ್ಳಬೇಕು? ಇಲ್ಲದ್ದಕ್ಕೆ ತೊಂದರೆಯಾಗುವುದಾದರೂ ಹೇಗೆ?

ಸಮಾಜಶಾಸ್ತ್ರಜ್ಞೆ ಪೆಟ್ರೀಷಿಯಾ ಕಿಂಗೋರಿ ಈ ಪರಿಸ್ಥಿತಿಯನ್ನು 'ಖಾಲಿ ಆಯ್ಕೆ' ಎಂದು ಕರೆದರು. ಅವರು ಕೆನ್ಯಾದಲ್ಲಿ ಹುಟ್ಟಿದವರು, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ನಡೆಯುವ ವೈದ್ಯಕೀಯ ಸಂಶೋಧನೆಗಳನ್ನು ಹತ್ತಿರದಿಂದ ನೋಡಿ 2015ರಲ್ಲಿ ಬರೆದ ಲೇಖನದಲ್ಲಿ ಅವರು ಈ ಪದ ಬಳಸಿದರು. ಅರ್ಥ ಇಷ್ಟು: ಸೇರು ಅಥವಾ ಬಿಡು ಎಂಬ ಎರಡು ದಾರಿ ಕಾಗದದ ಮೇಲೆ ಇರುತ್ತವೆ. ಆದರೆ 'ಬಿಡು' ಅನ್ನುವ ದಾರಿಯಲ್ಲಿ ಹೋದರೆ ಮುಂದೆ ಆಸ್ಪತ್ರೆಯೂ ಇಲ್ಲ, ಔಷಧಿಯೂ ಇಲ್ಲ. ತೀರ ಬಡವರಿಗೆ ವೈದ್ಯರ ಹತ್ತಿರ ಹೋಗಲು ಇರುವ ಸುಲಭದ ದಾರಿ ಎಂದರೆ ಸಂಶೋಧನೆಗೆ ಸೇರುವುದೇ.

ಕನ್ನಡದಲ್ಲಿ ಇದನ್ನು 'ಸುಳ್ಳು ಆಯ್ಕೆ' ಅನ್ನಬಾರದು ಅಂತ ನನಗನಿಸುತ್ತದೆ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. 'ಅತ್ತ ದರಿ ಇತ್ತ ಪುಲಿ' ಕೂಡ ಸರಿಹೊಂದುವುದಿಲ್ಲ. ಅಲ್ಲಿ ಎರಡು ಕಡೆಯೂ ಕೆಟ್ಟದ್ದು. ಇಲ್ಲಿ ಒಂದು ಕಡೆ ಒಳ್ಳೆಯದೇ ಇದೆ: ಉಚಿತ ತಪಾಸಣೆ, ರಕ್ತ ಪರೀಕ್ಷೆ, ಔಷಧಿ, ಬಸ್ ಖರ್ಚು. ಇನ್ನೊಂದು ಕಡೆ ಏನೂ ಇಲ್ಲ, ಅಷ್ಟೇ. ಹೊರಗಿನಿಂದ ಕಾಳಿನಂತೆ ಕಂಡು ಒಳಗೆ ತಿರುಳಿಲ್ಲದ್ದನ್ನು ಜೊಳ್ಳು ಅನ್ನುತ್ತೇವಲ್ಲ, ಈ ಆಯ್ಕೆಯೂ ಅಂಥದ್ದು. ಇನ್ನೂ ಹತ್ತಿರದ ಮಾತು ಬೇಕಿದ್ದರೆ 'ವಿಧಿಯಿಲ್ಲದೆ ಒಪ್ಪಿಕೊಂಡೆ' ಅನ್ನುವುದು ಇದೆ. ಒಪ್ಪಿದ್ದು ನಾನೇ, ಆದರೆ ಬೇರೆ ದಾರಿ ಇರಲಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ.

ಕಿಂಗೋರಿಯವರು ಈ ಮಾತನ್ನು ಯಾರ ಬಾಯಿಂದ ಕೇಳಿಸಿಕೊಂಡರು ಅನ್ನುವುದು ಮುಖ್ಯ. ಸಂಶೋಧನೆಯಲ್ಲಿ ಯಾವುದು ಸರಿ, ಯಾವುದು ತಪ್ಪು ಅನ್ನುವ ನೀತಿಯ ಬಗ್ಗೆ ಸಾಮಾನ್ಯವಾಗಿ ಮಾತಾಡುವವರು ತತ್ವಜ್ಞಾನಿಗಳು, ವಕೀಲರು, ದೊಡ್ಡ ವಿಜ್ಞಾನಿಗಳು. ಕಿಂಗೋರಿ ಹೋದದ್ದು ಊರೂರು ಸುತ್ತಿ ಮಾಹಿತಿ ತರುವ, ಸಹಿ ಹಾಕಿಸಿಕೊಳ್ಳುವ, ರಕ್ತದ ಮಾದರಿ ಹೊತ್ತು ತರುವ ಕ್ಷೇತ್ರ ಕಾರ್ಯಕರ್ತರ ಬಳಿಗೆ. ಅವರ ಜೊತೆ ಓಡಾಡಿದರು, ಮಾತಾಡಿಸಿದರು, ಚಿತ್ರಗಳ ನೆರವಿನಿಂದಲೂ ಅವರ ಅನುಭವ ಹೊರತೆಗೆದರು. ಸಂಶೋಧನೆಯ ವರದಿಯಲ್ಲಿ ಈ ಜನರ ಹೆಸರೂ ಇರುವುದು ಅಪರೂಪ. ಆದರೆ ಬಡವರ ಮನೆಯ ಹೊಸ್ತಿಲ ಮೇಲೆ ಕೂತು 'ನಿಮಗೆ ಇಷ್ಟ ಇದೆಯಾ?' ಅಂತ ಕೇಳುವವರು ಅವರೇ.

ಆ ಹೊಸ್ತಿಲಲ್ಲಿ ಏನಾಗುತ್ತದೆ? ಇದು ಒಬ್ಬರ ಕಥೆಯಲ್ಲ, ಇಂಥ ಕೆಲಸ ಸಾಮಾನ್ಯವಾಗಿ ನಡೆಯುವ ರೀತಿ. ಕಾರ್ಯಕರ್ತೆ ಫಾರಂ ತೆಗೆಯುತ್ತಾಳೆ. ಅದು ಹಲವು ಪುಟ ಇರುತ್ತದೆ. ಸ್ವಾಹಿಲಿಗೋ ಸ್ಥಳೀಯ ಭಾಷೆಗೋ ಅನುವಾದ ಮಾಡಿರುತ್ತಾರೆ. ಎಷ್ಟು ರಕ್ತ ತೆಗೆಯುತ್ತೇವೆ ಅಂತ ಮಿಲಿಲೀಟರಿನಲ್ಲಿ ಹೇಳಿದರೆ ತಿಳಿಯುವುದಿಲ್ಲ, ಹಾಗಾಗಿ ಟೀ ಚಮಚದ ಲೆಕ್ಕದಲ್ಲಿ ಹೇಳುತ್ತಾಳೆ. ಹೊಸ ಔಷಧಿಯಿಂದ ಅಪಾಯ ಆಗಬಹುದು ಅನ್ನುತ್ತಾಳೆ. ಯಾವಾಗ ಬೇಕಾದರೂ ಬಿಟ್ಟುಹೋಗಬಹುದು ಅನ್ನುತ್ತಾಳೆ. ಓದು ಬಾರದ ತಾಯಿಯಾದರೆ ಹೆಬ್ಬೆಟ್ಟಿನ ಗುರುತು ಬೇಕು, ಜೊತೆಗೆ ಒಬ್ಬ ಸಾಕ್ಷಿಯೂ ಬೇಕು. ತಾಯಿಯ ಮಡಿಲಲ್ಲಿ ಜ್ವರದಿಂದ ಮೈ ಸುಡುವ ಮಗು ಇದೆ. ವಿವರಣೆ ಮುಗಿಯುವ ಮೊದಲೇ ಅವಳು ಹೆಬ್ಬೆಟ್ಟು ಮುಂದೆ ಚಾಚುತ್ತಾಳೆ. ಇನ್ನೂ ಎರಡು ಪುಟ ಇದೆ, ಕೇಳಿ ಅಂದರೆ ಕೇಳುತ್ತಾಳೆ. ಎಲ್ಲ ಅರ್ಥವಾಯಿತಾ ಅಂದರೆ ಆಯಿತು ಅನ್ನುತ್ತಾಳೆ. ನಿಜವಾಗಿಯೂ ಆಗಿದೆ.

ಕಾನೂನಿನ ಕಣ್ಣಿನಲ್ಲಿ ಇದು ಪರಿಪೂರ್ಣ ಒಪ್ಪಿಗೆ. ಮಾಹಿತಿ ಕೊಟ್ಟಾಯಿತು, ಅರ್ಥವಾಯಿತು, ಒತ್ತಾಯ ಇರಲಿಲ್ಲ. ಆದರೂ ಕಾರ್ಯಕರ್ತೆಯ ಮನಸ್ಸಿಗೆ ಸಮಾಧಾನವಿಲ್ಲ. ಯಾಕೆ?

ಇಲ್ಲಿ ಈ ಪದವನ್ನು ಅದರ ಅಕ್ಕಪಕ್ಕದ ಪದಗಳಿಂದ ಬಿಡಿಸಿ ನೋಡಬೇಕು. ಮೊದಲನೆಯದು ಬಲವಂತ. ಕೈದಿಗಳ ಮೇಲೆ ಬಲವಂತದ ಪ್ರಯೋಗ ಮಾಡಿದ ನಾಜಿ ವೈದ್ಯರ ವಿಚಾರಣೆಯ ತೀರ್ಪಿನಲ್ಲಿ 1947ರಲ್ಲಿ ಬಂದ ನ್ಯೂರೆಂಬರ್ಗ್ ಸಂಹಿತೆಯ ಹತ್ತು ಅಂಶಗಳಲ್ಲಿ ಮೊದಲನೆಯದೇ ಸ್ವಇಚ್ಛೆಯ ಒಪ್ಪಿಗೆ. ಅಲ್ಲಿ ಎದುರಿಗೆ ಒಬ್ಬ ಕ್ರೂರಿ ಇದ್ದ. ಖಾಲಿ ಆಯ್ಕೆಯಲ್ಲಿ ಕ್ರೂರಿ ಯಾರೂ ಇಲ್ಲ. ಎದುರಿಗಿರುವ ಕಾರ್ಯಕರ್ತೆ ಎಷ್ಟೋ ಸಲ ಅದೇ ಭಾಗದವಳು, ಒಳ್ಳೆಯವಳು. ಎರಡನೆಯದು ಆಮಿಷ. ಅಪಾಯವನ್ನೇ ಮರೆಯುವಷ್ಟು ಜಾಸ್ತಿ ಹಣವನ್ನೋ ವಸ್ತುವನ್ನೋ ತೋರಿಸುವುದು. ಜ್ವರದ ಮಗುವಿಗೆ ಔಷಧಿ ಆಮಿಷ ಅಲ್ಲವೇ ಅಲ್ಲ. ಅದು ಆ ಮಗುವಿಗೆ ಹೇಗೂ ಸಿಗಬೇಕಾಗಿದ್ದದ್ದು.

ಮೂರನೆಯದು ಸ್ವಲ್ಪ ಸೂಕ್ಷ್ಮ. 1982ರಲ್ಲಿ ಅಮೆರಿಕದ ಮನೋವೈದ್ಯರಾದ ಪಾಲ್ ಆಪಲ್‌ಬಾಮ್, ಲೋರೆನ್ ರಾತ್ ಮತ್ತು ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಲಿಡ್ಜ್ ಸೇರಿ ಇನ್ನೊಂದು ಪದ ಕೊಟ್ಟಿದ್ದರು. ಅದನ್ನು ಕನ್ನಡದಲ್ಲಿ 'ಚಿಕಿತ್ಸೆಯ ಭ್ರಮೆ' ಅನ್ನಬಹುದು. ಸಂಶೋಧನೆಗೆ ಸೇರಿದ ರೋಗಿ ಇದೆಲ್ಲ ನನ್ನ ಒಬ್ಬನ ಒಳಿತಿಗೇ ನಡೆಯುತ್ತಿದೆ ಅಂತ ನಂಬಿಬಿಡುವುದು. ಅದಕ್ಕೆ ಮದ್ದು ಎಂದರೆ ಇನ್ನಷ್ಟು ಚೆನ್ನಾಗಿ ವಿವರಿಸುವುದು. ಆದರೆ ನಮ್ಮ ತಾಯಿಗೆ ಯಾವ ಭ್ರಮೆಯೂ ಇಲ್ಲ. ಇದು ಪ್ರಯೋಗ ಅಂತ ಅವಳಿಗೆ ಗೊತ್ತು. ಅವಳ ಲೆಕ್ಕ ತಪ್ಪಿಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಲಸಿಕೆಯ ಟ್ರಯಲ್‌ಗಳ ಬಗ್ಗೆ 2006ರಲ್ಲಿ ಬಂದ ಅಧ್ಯಯನವೊಂದು ಹೇಳಿದ್ದೂ ಇದೇ ಬಗೆಯ ಮಾತು: ಅನೇಕ ತಂದೆತಾಯಿಗಳು ಟ್ರಯಲನ್ನು ಒಂದು ವ್ಯವಹಾರದಂತೆ ತೂಗಿ ನೋಡುತ್ತಿದ್ದರು. ಒಂದು ಕಡೆ ಮಗುವಿನ ರಕ್ತ ಕೊಡುವುದು, ಇನ್ನೊಂದು ಕಡೆ ಒಳ್ಳೆಯ ಚಿಕಿತ್ಸೆ ಸಿಗುವುದು.

ಹಾಗಾಗಿ ಖಾಲಿತನ ಇರುವುದು ಆಕೆಯ ತಿಳಿವಳಿಕೆಯಲ್ಲಲ್ಲ, ಅವಳ ಸುತ್ತ. ಒಪ್ಪಿಗೆ ಪತ್ರವನ್ನು ಎಷ್ಟು ಸರಳ ಮಾಡಿದರೂ, ಎಷ್ಟು ಚಂದ ಅನುವಾದಿಸಿದರೂ ಅದು ತುಂಬುವುದಿಲ್ಲ. ಈ ಪದದಿಂದ ನಾನು ಕಲಿತ ದೊಡ್ಡ ವಿಷಯ ಇದೇ.

ಪದ ಹುಟ್ಟುವ ಮೊದಲೇ ಈ ಸಮಸ್ಯೆಯ ಮೇಲೆ ದೊಡ್ಡ ಜಗಳ ಆಗಿತ್ತು. ಎಚ್‌ಐವಿ ಇರುವ ಗರ್ಭಿಣಿಯರಿಗೆ ಎಜೆಡ್‌ಟಿ ಔಷಧಿ ಕೊಟ್ಟರೆ ಮಗುವಿಗೆ ಸೋಂಕು ತಗಲುವುದು ಶೇ. 25.5ರಿಂದ ಶೇ. 8.3ಕ್ಕೆ ಇಳಿಯುತ್ತದೆ ಅಂತ 1994ರಲ್ಲಿ ಗೊತ್ತಾಯಿತು. ಆ ಚಿಕಿತ್ಸೆ ದುಬಾರಿ. ಹಾಗಾಗಿ ಕಡಿಮೆ ಖರ್ಚಿನ, ಕಡಿಮೆ ದಿನಗಳ ಎಜೆಡ್‌ಟಿ ಕೆಲಸ ಮಾಡುತ್ತದಾ ಅಂತ ಆಫ್ರಿಕಾ ಮತ್ತು ಏಷ್ಯಾದ ದೇಶಗಳಲ್ಲಿ ಟ್ರಯಲ್ ಶುರುವಾದವು. ಅವುಗಳಲ್ಲಿ ಹಲವು ಕಡೆ ಒಂದು ಗುಂಪಿನ ಹೆಂಗಸರಿಗೆ ಔಷಧಿಯಿಲ್ಲದ ಸಾದಾ ಮಾತ್ರೆ. 1997ರಲ್ಲಿ ಅಮೆರಿಕದ ವೈದ್ಯರಾದ ಪೀಟರ್ ಲೂರಿ ಮತ್ತು ಸಿಡ್ನಿ ವುಲ್ಫ್ ಇದನ್ನು ಖಂಡಿಸಿ ಬರೆದರು. ಟ್ರಯಲ್ ನಡೆಸಿದವರ ಉತ್ತರ ಹೀಗಿತ್ತು: ಅಲ್ಲಿನ ಹೆಂಗಸರಿಗೆ ಹೇಗೂ ಯಾವ ಔಷಧಿಯೂ ಸಿಗುತ್ತಿರಲಿಲ್ಲ, ನಾವು ಅವರಿಂದ ಏನನ್ನೂ ಕಿತ್ತುಕೊಂಡಿಲ್ಲ. ತರ್ಕ ಸರಿಯಾಗಿಯೇ ಇದೆ ಅಲ್ವಾ? ಆದರೆ ಆ 'ಹೇಗೂ' ಅನ್ನುವ ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಔಷಧಿ ಇಲ್ಲದಿರುವುದು ಮಳೆ ಬಾರದ ಹಾಗೆ ತಾನಾಗಿ ಆದದ್ದು ಅನ್ನುವಂತಿದೆ ಆ ಮಾತು.

ತಾನಾಗಿ ಆದದ್ದಲ್ಲ. ಕೆನ್ಯಾವನ್ನೇ ನೋಡಿ. 1989ರಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಂದ ಶುಲ್ಕ ತೆಗೆದುಕೊಳ್ಳಲು ಶುರುಮಾಡಿದರು. ಸಾಲ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳು ಸರ್ಕಾರದ ಖರ್ಚು ಕಡಿಮೆ ಮಾಡಿ ಅಂತ ಒತ್ತಾಯಿಸುತ್ತಿದ್ದ ಕಾಲ ಅದು. 2004ರಲ್ಲಿ ಶುಲ್ಕವನ್ನು ಸಣ್ಣ ದವಾಖಾನೆಯಲ್ಲಿ 10, ಆರೋಗ್ಯ ಕೇಂದ್ರದಲ್ಲಿ 20 ಶಿಲಿಂಗಿಗೆ ಇಳಿಸಿದರು. 2013ರಲ್ಲಿ ಈ ಎರಡು ಕಡೆ ಪೂರ್ತಿ ತೆಗೆದರು. ಬಜೆಟ್ಟಿನಲ್ಲಿ ಶೇ. 15ರಷ್ಟು ಆರೋಗ್ಯಕ್ಕೆ ಇಡುತ್ತೇವೆ ಅಂತ ಆಫ್ರಿಕಾದ ನಾಯಕರು 2001ರಲ್ಲಿ ನೈಜೀರಿಯಾದ ಅಬುಜಾದಲ್ಲಿ ಮಾತು ಕೊಟ್ಟಿದ್ದರು. ಹೆಚ್ಚಿನ ದೇಶಗಳು ಆ ಗುರಿ ಮುಟ್ಟಲಿಲ್ಲ. ಖಾಲಿತನಕ್ಕೂ ಇತಿಹಾಸ ಇದೆ, ಇಸವಿ ಇದೆ, ಸಹಿ ಹಾಕಿದವರಿದ್ದಾರೆ.

ಇಷ್ಟೆಲ್ಲದರ ನಡುವೆ ಸಿಕ್ಕಿಕೊಳ್ಳುವವರು ಮತ್ತದೇ ಕಾರ್ಯಕರ್ತರು. ಮಾಹಿತಿ ಸಂಗ್ರಹಿಸುವವರ ಬಗ್ಗೆ ಕಿಂಗೋರಿಯವರು 2013ರಲ್ಲಿ ಬರೆದಾಗ ಕಂಡ ಸಂಗತಿ ಇದು: ಸಂಸ್ಥೆಗಳು ಒಪ್ಪಿಗೆ ಪಡೆಯುವುದನ್ನೇ ನೀತಿಯ ತಿರುಳು ಅಂದುಕೊಂಡಿದ್ದವು. ಮನೆಮನೆಗೆ ಹೋಗುವವರಿಗೆ ಅದು ಅಷ್ಟೇನೂ ದೊಡ್ಡದಾಗಿ ಕಾಣಲಿಲ್ಲ. ಕಣ್ಣೆದುರಿಗಿರುವ ಕಷ್ಟಕ್ಕೆ ಏನಾದರೂ ಮಾಡಬೇಕು, ನ್ಯಾಯ ಆಗಬೇಕು ಅನ್ನುವುದೇ ಅವರಿಗೆ ಮುಖ್ಯವಾಗಿತ್ತು. ಸಂಶೋಧನೆಯ ನೀತಿಯ ಬಗ್ಗೆ ಅಮೆರಿಕದಲ್ಲಿ ಬಂದ 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಅಂತ ಮೂರು ತತ್ವ ಹೇಳಿದೆ. ಕಚೇರಿಯಲ್ಲಿ ಮೊದಲನೆಯದಕ್ಕೆ ತೂಕ ಜಾಸ್ತಿ. ಹೊಸ್ತಿಲಲ್ಲಿ ಕೂತವರಿಗೆ ಉಳಿದ ಎರಡೇ ಕಾಣುತ್ತವೆ. ಹಸಿದ ಮಕ್ಕಳ ಮುಂದೆ ಕೂತು ಪ್ರಶ್ನಾವಳಿ ತುಂಬಿಸಿ ಸುಮ್ನೆ ಎದ್ದು ಬರುವುದು ಮನುಷ್ಯರಾದವರಿಗೆ ಆಗುವ ಕೆಲಸ ಅಲ್ಲ.

ಹಾಗಾದರೆ ಬಡ ದೇಶಗಳಲ್ಲಿ ಸಂಶೋಧನೆಯೇ ಬೇಡವೇ? ಈ ಪದವನ್ನು ಆ ವಾದಕ್ಕೆ ಬಳಸುವುದು ತಪ್ಪು. ಟ್ರಯಲ್ ನಿಂತರೆ ಆ ತಾಯಿಗೆ ಇರುವ ಒಂದೇ ಬಾಗಿಲೂ ಮುಚ್ಚುತ್ತದೆ. ಮಲೇರಿಯಾ ಕಾಡುವ ಜಾಗದಲ್ಲಿ ಪರೀಕ್ಷೆ ಮಾಡದೆ ಮಲೇರಿಯಾ ಲಸಿಕೆ ಬರುವುದೂ ಇಲ್ಲ. ಅವಳ ಒಪ್ಪಿಗೆಗೆ ಬೆಲೆಯೇ ಇಲ್ಲ ಅನ್ನುವುದೂ ತಪ್ಪು. ತನಗಿದ್ದ ಸ್ಥಿತಿಯಲ್ಲಿ ಮಗುವಿಗಾಗಿ ಒಳ್ಳೆಯ ತೀರ್ಮಾನವನ್ನೇ ಅವಳು ತೆಗೆದುಕೊಂಡಳು. ಆಯ್ಕೆ ಖಾಲಿ ಅಂದರೆ ಆರಿಸಿದವಳು ದಡ್ಡಿ ಅಂತಲ್ಲ.

ಈ ಪದ ಪ್ರಶ್ನೆಯ ದಿಕ್ಕನ್ನು ಬದಲಿಸುತ್ತದೆ. 'ಅವಳಿಗೆ ಅರ್ಥವಾಯಿತೇ?' ಅಂತ ಕೇಳಿ ನಿಲ್ಲಿಸುವ ಬದಲು 'ಬೇಡ ಅಂದಿದ್ದರೆ ಅವಳಿಗೆ ಏನು ಸಿಗುತ್ತಿತ್ತು?' ಅಂತ ಕೇಳಬೇಕು. ಟ್ರಯಲ್‌ಗೆ ಸೇರದವರೂ ಹೋಗುವ ದವಾಖಾನೆಗೆ ಸಂಶೋಧನೆಯ ಹಣದಿಂದ ಒಬ್ಬ ನರ್ಸ್, ಒಂದು ಲ್ಯಾಬ್ ಕೊಡಬಹುದಾ? ಟ್ರಯಲ್ ಮುಗಿದ ಮೇಲೆ ಏನು? ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯ 2013ರ ಆವೃತ್ತಿ, ಉಪಯೋಗವಾಯಿತು ಅಂತ ಗೊತ್ತಾದ ಚಿಕಿತ್ಸೆ ಇನ್ನೂ ಬೇಕಿರುವವರಿಗೆ ಮುಂದೆಯೂ ಸಿಗುವಂತೆ ಮೊದಲೇ ಏರ್ಪಾಡು ಮಾಡಬೇಕು ಅಂದಿತ್ತು. ಅದು ಟ್ರಯಲ್ ಒಳಗಿದ್ದವರಿಗೆ ಮಾತ್ರ. ಪಕ್ಕದ ಮನೆಯವರು ಅದರಲ್ಲಿ ಇಲ್ಲ.

ಟ್ರಯಲ್‌ಗಳ ವರದಿಯಲ್ಲಿ ಚೌಕಗಳಿರುವ ಒಂದು ನಕ್ಷೆ ಇರುತ್ತದೆ. ಎಷ್ಟು ಜನರನ್ನು ನೋಡಿದರು, ಎಷ್ಟು ಜನರನ್ನು ಸೇರಿಸಿಕೊಂಡರು, ಎಷ್ಟು ಜನ ಬೇಡ ಅಂದರು ಅಂತ ಅದರಲ್ಲಿ ಬರೆಯುತ್ತಾರೆ. ಬೇಡ ಅಂದವರ ಸಂಖ್ಯೆ ಚಿಕ್ಕದಿದ್ದರೆ ಜನರಿಗೆ ನಮ್ಮ ಮೇಲೆ ನಂಬಿಕೆ ಇದೆ ಅಂತ ಓದಿಕೊಳ್ಳುವುದು ಸುಲಭ. ಖಾಲಿ ಆಯ್ಕೆ ಅನ್ನುವ ಪದ ಗೊತ್ತಿದ್ದವರು ಆ ಸಂಖ್ಯೆ ನೋಡಿದ ಕೂಡಲೇ ಹತ್ತಿರದ ಸರ್ಕಾರಿ ದವಾಖಾನೆ ಎಲ್ಲಿದೆ, ಅದರ ಔಷಧಿ ಕಪಾಟಿನಲ್ಲಿ ಏನಿದೆ ಅಂತ ವಿಚಾರಿಸುತ್ತಾರೆ.