ಶೀಟ್ ಮನೆಯಿಂದ ಹೃದಯದ ಪೊರೆಗೆ ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: ಪೀಣ್ಯದಲ್ಲಿ ಬಹಳ ವರ್ಷ ಆಸ್ಬೆಸ್ಟಾಸ್ ಶೀಟಿನ ಮನೆಯಲ್ಲಿದ್ದೆವು. ಈಗ ತಂದೆಯವರ ಹೃದಯದ ಸುತ್ತ ನೀರು ತುಂಬಿದೆ. ಕ್ಷಯದ ಮಾತ್ರೆ ಕೊಟ್ಟರೂ ಮತ್ತೆ ತುಂಬಿತು. ತೆಗೆದ ನೀರಿನಲ್ಲಿ ಕ್ಯಾನ್ಸರ್ ಕಣ ಸಿಕ್ಕಿಲ್ಲ. ಆದರೂ ವೈದ್ಯರು ಪೆರಿಕಾರ್ಡಿಯಲ್ ಮೀಸೋಥೆಲಿಯೋಮಾ (ಹೃದಯದ ಪೊರೆಯಲ್ಲೇ ಹುಟ್ಟುವ ಕ್ಯಾನ್ಸರ್) ಇರಬಹುದು, ಬಯಾಪ್ಸಿ ಆಗಬೇಕು ಎನ್ನುತ್ತಾರೆ. ಆ ಶೀಟೇ ಕಾರಣವೇ?

ಉತ್ತರ: ಹಾಗೆ ಹೇಳಲು ಆಧಾರವಿಲ್ಲ. ಶ್ವಾಸಕೋಶದ ಪೊರೆಯ ಮೀಸೋಥೆಲಿಯೋಮಾಕ್ಕೂ ಆಸ್ಬೆಸ್ಟಾಸಿಗೂ ಇರುವ ನಂಟು ಗಟ್ಟಿಯಾದದ್ದು. ಹೃದಯದ ಪೊರೆಯ ವಿಷಯದಲ್ಲಿ ಅಷ್ಟು ಸ್ಪಷ್ಟವಿಲ್ಲ. ಆಸ್ಬೆಸ್ಟಾಸ್ ಸೋಕದವರಿಗೂ ಇದು ಬಂದಿದೆ. ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಂಧಿಯಾಗಿರುತ್ತದೆ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಏಳುವ ದೂಳೇ ಹೆಚ್ಚು ಅಪಾಯಕಾರಿ. ತಂದೆಯವರು ಅಂಥ ಕೆಲಸ ಮಾಡಿದ್ದರೆ ವೈದ್ಯರಿಗೆ ತಿಳಿಸಿ, ನಲವತ್ತು ವರ್ಷ ಹಿಂದಿನದಾದರೂ ಸರಿ. ಬರೀ ಸೂರಿಗಾಗಿ ನಿಮ್ಮನ್ನು ನೀವು ಶಪಿಸಿಕೊಳ್ಳಬೇಡಿ.

ನನಗೆ ಹೆಚ್ಚು ಮುಖ್ಯವೆನಿಸಿದ್ದು ‘ಮತ್ತೆ ತುಂಬಿತು’ ಎಂಬ ಮಾತು. ಹೃದಯವನ್ನು ಸುತ್ತಿದ ಎರಡು ಪದರಗಳ ಚೀಲದಲ್ಲಿ ಸಾಮಾನ್ಯವಾಗಿ 15ರಿಂದ 50 ಮಿ.ಲೀ. ದ್ರವವಿರುತ್ತದೆ. ಅದು ಮಿತಿಮೀರಿದರೆ ಹೃದಯಕ್ಕೆ ಅರಳಲು ಜಾಗವಿಲ್ಲದೆ ಉಸಿರು ಕಟ್ಟುತ್ತದೆ, ಕಾಲು ಬಾಯುತ್ತದೆ. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯ ಬಹು ಸಾಮಾನ್ಯ ಕಾರಣ. ಮೊದಲು ಆ ಮಾತ್ರೆ ಕೊಟ್ಟದ್ದನ್ನು ತಪ್ಪೆನ್ನಲಾರೆ. ಆದರೆ ಮಾತ್ರೆಗೆ ಬಗ್ಗದೆ ನೀರು ಮರಳಿದರೆ ಮುಂದಕ್ಕೆ ಹುಡುಕಲೇಬೇಕು. ಗೆಡ್ಡೆ ಪೊರೆಗೆ ಅಂಟಿಕೊಂಡೇ ಬೆಳೆದು ದ್ರವಕ್ಕೆ ಕಣ ಉದುರಿಸದೆಯೂ ಇರಬಹುದು. ಉದುರಿದರೂ, ಉರಿಯೂತದಿಂದ ಕೆರಳಿದ ಮಾಮೂಲಿ ಕಣಗಳಿಂದ ಅವನ್ನು ಬೇರ್ಪಡಿಸಿ ಗುರುತಿಸುವುದು ಕಷ್ಟ. ಹೀಗಾಗಿ ನೀರಿನ ವರದಿ ಚೆನ್ನಾಗಿ ಬಂತೆಂದು ನಿರಾಳರಾಗುವಂತಿಲ್ಲ; ಪೊರೆಯ ಚೂರೇ ಬೇಕು. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ1 ಮುಂತಾದ, ಕಣದ ಮೂಲ ತಿಳಿಸುವ ಪ್ರೋಟೀನ್ ಗುರುತುಗಳ ಪರೀಕ್ಷೆ ಆ ಚೂರಿನ ಮೇಲೆ ನಡೆಯುತ್ತದೆ. ಶ್ವಾಸಕೋಶ, ಸ್ತನ ಮೊದಲಾದ ಕಡೆಯಿಂದ ಹಬ್ಬಿದ ಕ್ಯಾನ್ಸರ್ ಇಲ್ಲಿ ಹೆಚ್ಚು ಸಾಮಾನ್ಯವಾದ್ದರಿಂದ ಅದನ್ನೂ ತಳ್ಳಿಹಾಕಬೇಕು.

ರೋಗ ಖಚಿತವಾದರೆ ದಾರಿ ಸುಲಭವಲ್ಲ. ಎಲ್ಲ ಮೀಸೋಥೆಲಿಯೋಮಾಗಳಲ್ಲಿ ಇದರ ಪಾಲು ಸುಮಾರು ಶೇ 1. ಇಷ್ಟು ಅಪರೂಪವಾದ್ದರಿಂದ ಪೆಮೆಟ್ರೆಕ್ಸೆಡ್–ಸಿಸ್ಪ್ಲಾಟಿನ್ ಕೀಮೋವನ್ನು ಶ್ವಾಸಕೋಶದ ಪೊರೆಯ ಚಿಕಿತ್ಸೆಯಿಂದ ಎರವಲು ಪಡೆಯಲಾಗಿದೆ. ಪೊರೆಯಲ್ಲಿ ಕಿಂಡಿ ತೆರೆದು ನೀರು ಹರಿಸಿದರೆ ಉಸಿರಾಟ ಸಲೀಸಾಗುತ್ತದೆ. ಕೆಲವರಿಗೆ ಪೊರೆಯನ್ನೇ ತೆಗೆಯಬಹುದು. ಆದರೂ ಹೆಚ್ಚಿನವರಲ್ಲಿ ಬದುಕಿನ ಅವಧಿಯನ್ನು ತಿಂಗಳುಗಳಲ್ಲೇ ಎಣಿಸಬೇಕಾಗುತ್ತದೆ.

ಹೃದಯಕ್ಕೆ ಜಯದೇವ, ಕ್ಯಾನ್ಸರಿಗೆ ಕಿದ್ವಾಯಿ ಎಂದು ಬೆಂಗಳೂರಿನವರು ಹಂಚಿಕೊಂಡುಬಿಟ್ಟಿದ್ದೇವೆ. ಈ ಕಾಯಿಲೆಗೆ ಎರಡೂ ಕಡೆಯ ತಜ್ಞರು ಬೇಕು. ಎಲ್ಲಿಗೇ ಹೋಗಿ, ವರದಿಯ ಕಾಗದವಷ್ಟೇ ಸಾಲದು. ಬಯಾಪ್ಸಿಯ ಬ್ಲಾಕ್ (ಮೇಣದಲ್ಲಿ ಕೂರಿಸಿಟ್ಟ ಚೂರು), ಸ್ಲೈಡ್ ಮತ್ತು ಹಳೆಯ ಎಕೋ, ಸಿಟಿ ಸ್ಕ್ಯಾನ್‌ಗಳ ಸಿಡಿಯನ್ನೂ ಕೇಳಿ ಪಡೆದು ಒಯ್ಯಿರಿ.